ಪ್ರೌಢಶಾಲೆಯಲ್ಲಿ ಹಳಗನ್ನಡ ಕಾವ್ಯಬೋಧನೆ: ಕಲಿಕೆಯ ಉದ್ದೇಶ ಮತ್ತು ವಿಧಾನಗಳ ಮರುಚಿಂತನೆ

1. ಪ್ರಸ್ತಾವನೆ

ಪದವಿ ತರಗತಿಗಳಲ್ಲಿ ಹಳಗನ್ನಡ ಪಠ್ಯವನ್ನು ಬೋಧಿಸುವ ಅಧ್ಯಾಪಕರ ನಡುವೆ ಒಂದು ದೂರು ಬಹುಕಾಲದಿಂದ ಕೇಳಿಬರುತ್ತಿದೆ. ವಿದ್ಯಾರ್ಥಿಗಳು ಪಂಪನ ಒಂದು ಪದ್ಯವನ್ನು ತಪ್ಪಿಲ್ಲದೆ ಓದಲಾರರು, ಓದಿದರೂ ಪದಗಳನ್ನು ಬಿಡಿಸಲಾರರು, ಬಿಡಿಸಿಕೊಟ್ಟರೂ ಅನ್ವಯಿಸಲಾರರು ಎಂಬುದೇ ಆ ದೂರು. ಈ ಮಾತಿನಲ್ಲಿ ಸತ್ಯಾಂಶವಿರುವುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಇದೇ ವಿದ್ಯಾರ್ಥಿಗಳು ಪ್ರೌಢಶಾಲೆಯ ಮೂರು ವರ್ಷಗಳಲ್ಲಿ ಹಳಗನ್ನಡ ಮತ್ತು ನಡುಗನ್ನಡ ಕಾವ್ಯಭಾಗಗಳನ್ನು ಓದಿ, ಅವುಗಳ ಮೇಲಿನ ಪ್ರಶ್ನೆಗಳಿಗೆ ಉತ್ತರಿಸಿ, ಅನೇಕರು ಉನ್ನತ ಅಂಕಗಳನ್ನು ಪಡೆದೇ ಮುಂದಕ್ಕೆ ಬಂದಿರುತ್ತಾರೆ. ಪಂಪ, ರನ್ನ, ಕುಮಾರವ್ಯಾಸ, ಲಕ್ಷ್ಮೀಶರು ಹತ್ತನೆಯ ತರಗತಿಯ ಪ್ರಥಮಭಾಷಾ ಪಠ್ಯಗಳಲ್ಲಿ ಸ್ಥಾನ ಪಡೆಯುತ್ತ ಬಂದಿದ್ದಾರೆ. ಹಾಗಿದ್ದೂ ಓದಿದ ಪದ್ಯ ಮುಂದಿನ ಪದ್ಯದ ಓದಿಗೆ ನೆರವಾಗದಿರುವುದೇಕೆ ಎಂಬ ಪ್ರಶ್ನೆಯನ್ನು ಭಾಷಾಬೋಧನೆಯ ಚರ್ಚೆಯಲ್ಲಿ ನೇರವಾಗಿ ಎತ್ತಿಕೊಂಡದ್ದು ಕಡಿಮೆ.

ವಿದ್ಯಾರ್ಥಿಗಳ ಆಸಕ್ತಿಯ ಕೊರತೆ, ಇಂಗ್ಲಿಷ್ ಮಾಧ್ಯಮದ ಪ್ರಭಾವ, ಓದುವ ಹವ್ಯಾಸದ ಕುಸಿತ ಮುಂತಾದ ಕಾರಣಗಳನ್ನು ಸಾಮಾನ್ಯವಾಗಿ ಮುಂದಿಡಲಾಗುತ್ತದೆ. ಇವು ಸಂಪೂರ್ಣ ಸುಳ್ಳಲ್ಲವಾದರೂ ಇವುಗಳಿಗಿಂತ ಮೂಲಭೂತವಾದ ಕಾರಣವೊಂದಿದೆ. ಪ್ರೌಢಶಾಲೆಯಲ್ಲಿ ಹಳಗನ್ನಡವನ್ನು ಬೋಧಿಸುವ ಉದ್ದೇಶವೇ 'ಈ ಪದ್ಯದ ಸಾರಾಂಶವನ್ನು ತಿಳಿಸುವುದು' ಎಂದಾಗಿದೆ. 'ಇಂಥ ಪದ್ಯಗಳನ್ನು ಓದುವ ಶಕ್ತಿಯನ್ನು ಬೆಳೆಸುವುದು' ಎಂಬುದು ಉದ್ದೇಶವಾಗಿಲ್ಲ. ಉದ್ದೇಶ ಬದಲಾಗದೆ ವಿಧಾನ ಬದಲಾಗದು. ಮೌಲ್ಯಮಾಪನ ಬದಲಾಗದೆ ಉದ್ದೇಶವೂ ಕಾಗದದ ಮೇಲೆಯೇ ಉಳಿಯುತ್ತದೆ. ಈ ಮೂರರ ಸಂಬಂಧವನ್ನು ಪರಿಶೀಲಿಸಿ, ತರಗತಿಯಲ್ಲಿ ಅನುಸರಿಸಬಹುದಾದ ಒಂದು ಕ್ರಮವನ್ನು ಸೂಚಿಸುವುದು ಪ್ರಸ್ತುತ ಲೇಖನದ ಆಶಯ. 'ಹಳಗನ್ನಡ' ಎಂಬ ಮಾತನ್ನು ಇಲ್ಲಿ ನಡುಗನ್ನಡದ ಷಟ್ಪದಿ ಕಾವ್ಯಗಳನ್ನೂ ಒಳಗೊಳ್ಳುವಂತೆ ಸ್ಥೂಲವಾಗಿ ಬಳಸಲಾಗಿದೆ.

2. ಉದ್ದೇಶಗಳ ಚರಿತ್ರೆ

ಬೋಧನೆಗೆ ಮುನ್ನ ಉದ್ದೇಶಗಳನ್ನು ಸ್ಪಷ್ಟವಾಗಿ ನಿರೂಪಿಸಿಕೊಳ್ಳಬೇಕೆಂಬ ಆಧುನಿಕ ಕಲ್ಪನೆಗೆ 1956ರಲ್ಲಿ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು ಪ್ರಕಟಿಸಿದ ಶೈಕ್ಷಣಿಕ ಉದ್ದೇಶಗಳ ವರ್ಗೀಕರಣವು ಗಟ್ಟಿಯಾದ ತಳಹದಿ ಒದಗಿಸಿತು. ಜ್ಞಾನ, ಗ್ರಹಿಕೆ, ಅನ್ವಯ, ವಿಶ್ಲೇಷಣೆ, ಸಂಶ್ಲೇಷಣೆ, ಮೌಲ್ಯನಿರ್ಣಯ ಎಂಬ ಆರು ಹಂತಗಳ ಈ ವರ್ಗೀಕರಣವು ನಮ್ಮ ಶಿಕ್ಷಕ ಶಿಕ್ಷಣದಲ್ಲಿ 'ಉದ್ದೇಶ' ಮತ್ತು 'ನಿರ್ದಿಷ್ಟೀಕರಣ' ಎಂಬ ಎರಡು ಅಂಕಣಗಳ ಪಾಠಟಿಪ್ಪಣಿಯಾಗಿ ನೆಲೆಗೊಂಡಿತು. 2001ರಲ್ಲಿ ಆಂಡರ್ಸನ್ ಮತ್ತು ಕ್ರಾತ್‌ವೋಲ್ ಇದನ್ನು ಪರಿಷ್ಕರಿಸಿ, ಹಂತಗಳನ್ನು ಸ್ಮರಿಸುವುದು, ಅರ್ಥೈಸುವುದು, ಅನ್ವಯಿಸುವುದು, ವಿಶ್ಲೇಷಿಸುವುದು, ಮೌಲ್ಯ ನಿರ್ಣಯಿಸುವುದು, ಸೃಜಿಸುವುದು ಎಂದು ಕ್ರಿಯಾರೂಪದಲ್ಲಿ ಹೇಳಿದರು. ವಿದ್ಯಾರ್ಥಿ ಏನನ್ನು ಹೊಂದಿದ್ದಾನೆ ಎಂಬುದಕ್ಕಿಂತ ಏನನ್ನು ಮಾಡಬಲ್ಲ ಎಂಬುದರತ್ತ ಒತ್ತು ಸರಿದುದು ಈ ಪರಿಷ್ಕರಣೆಯ ಮಹತ್ವ.

ಭಾರತದಲ್ಲಿ 1993ರ ಯಶಪಾಲ್ ಸಮಿತಿಯ ವರದಿಯು ಮಕ್ಕಳ ಮೇಲಿನ ಹೊರೆಯ ಸ್ವರೂಪವನ್ನು ವಿವೇಚಿಸಿತು. ಅರ್ಥವಾಗದೆ ಹೊರುವ ಹೊರೆಯೇ ಮಕ್ಕಳನ್ನು ಹೆಚ್ಚಾಗಿ ಬಾಧಿಸುತ್ತದೆಂಬುದು ಅದರ ಮುಖ್ಯ ಕಾಣ್ಕೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಇದನ್ನು ಮುಂದುವರಿಸಿ, ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸುವುದು, ಕಂಠಪಾಠದಿಂದ ಕಲಿಕೆಯನ್ನು ಬಿಡಿಸುವುದು, ಪಠ್ಯಪುಸ್ತಕವನ್ನು ಮೀರುವುದು, ಪರೀಕ್ಷೆಯನ್ನು ನಮ್ಯಗೊಳಿಸುವುದು ಮುಂತಾದ ತತ್ತ್ವಗಳನ್ನು ಮುಂದಿಟ್ಟಿತು. ಮಕ್ಕಳ ಮನೆಮಾತುಗಳನ್ನು ತರಗತಿಯ ಸಂಪನ್ಮೂಲವೆಂದು ಭಾವಿಸಬೇಕೆಂಬುದು ಭಾಷಾಶಿಕ್ಷಣಕ್ಕೆ ಸಂಬಂಧಿಸಿದಂತೆ ಅದರ ಮುಖ್ಯ ನಿಲುವು. ಕರ್ನಾಟಕದಲ್ಲಿ ನಂತರ ಬಂದ ಪಠ್ಯಪುಸ್ತಕಗಳೂ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವೂ ಈ ಚಿಂತನೆಯ ಫಲಗಳೇ.

ಆದರೆ ಹಳಗನ್ನಡದ ಪಾಠಕ್ಕೆ ಬಂದಾಗ ಈ ತತ್ತ್ವಗಳು ಬಾಗಿಲಲ್ಲೇ ನಿಂತಂತೆ ತೋರುತ್ತದೆ. ಪಾಠಟಿಪ್ಪಣಿಯಲ್ಲಿ 'ವಿದ್ಯಾರ್ಥಿಗಳು ಪದ್ಯದ ಸಾರಾಂಶವನ್ನು ಸ್ಮರಿಸಿಕೊಳ್ಳುವರು', 'ಕವಿಯ ಸ್ಥಳ, ಕಾಲ, ಕೃತಿಗಳನ್ನು ಹೇಳುವರು', 'ಕಠಿಣ ಪದಗಳ ಅರ್ಥವನ್ನು ತಿಳಿಯುವರು' ಎಂಬ ವಾಕ್ಯಗಳು ಪದ್ಯದಿಂದ ಪದ್ಯಕ್ಕೆ ವರ್ಗಾವಣೆಯಾಗುತ್ತವೆ. ಇವೆಲ್ಲವೂ ವರ್ಗೀಕರಣದ ಮೊದಲ ಹಂತಕ್ಕೇ ಸೇರಿದವು. ಇವುಗಳಲ್ಲಿ ಯಾವುದನ್ನು ಸಾಧಿಸಲೂ ವಿದ್ಯಾರ್ಥಿಯು ಮೂಲ ಪದ್ಯವನ್ನು ಓದಬೇಕಾದ ಅಗತ್ಯವಿಲ್ಲ ಎಂಬುದು ಗಮನಾರ್ಹ. ಹೊಸಗನ್ನಡ ಗದ್ಯದಲ್ಲಿರುವ ಸಾರಾಂಶವೊಂದನ್ನು ಓದಿದರೆ ಸಾಕಾಗುತ್ತದೆ.

3. ಪ್ರಚಲಿತ ಕ್ರಮ

ಪದ್ಯಪಾಠದ ಪ್ರಚಲಿತ ಕ್ರಮ ಎಲ್ಲರಿಗೂ ಪರಿಚಿತವಾದುದು. ಅಧ್ಯಾಪಕರು ಪದ್ಯವನ್ನು ಒಮ್ಮೆ ವಾಚಿಸುತ್ತಾರೆ. ಕಥಾಸಂದರ್ಭವನ್ನು ಸ್ವಾರಸ್ಯವಾಗಿ ವಿವರಿಸುತ್ತಾರೆ. ಸಾಲುಸಾಲಿಗೂ ಹೊಸಗನ್ನಡದ ಅರ್ಥ ಹೇಳುತ್ತಾರೆ. ಕೊನೆಗೆ ಪ್ರಶ್ನೋತ್ತರಗಳನ್ನು ಬರೆಸುತ್ತಾರೆ. ಕಥೆ ಹೇಳುವ ಕಲೆಯಲ್ಲಿ ನುರಿತ ಅಧ್ಯಾಪಕರ ತರಗತಿ ಮಕ್ಕಳಿಗೆ ಪ್ರಿಯವಾಗುವುದೂ ಉಂಟು. ಆದರೆ ಈ ಕ್ರಮದಲ್ಲಿ ಪದವನ್ನು ಬಿಡಿಸುವವರು, ಅನ್ವಯಿಸುವವರು, ಅರ್ಥವನ್ನು ಊಹಿಸಿ ಪರೀಕ್ಷಿಸುವವರು ಅಧ್ಯಾಪಕರೇ ಆಗಿರುತ್ತಾರೆ. ವಿದ್ಯಾರ್ಥಿಗೆ ತಲುಪುವುದು ಫಲಿತಾಂಶ ಮಾತ್ರ; ಫಲಿತಾಂಶಕ್ಕೆ ತಲುಪಿದ ದಾರಿ ಅವನಿಗೆ ಕಾಣದೆ ಉಳಿಯುತ್ತದೆ. ಈಜುವವರನ್ನು ದಡದಲ್ಲಿ ಕುಳಿತು ನೋಡಿದವನಿಗೆ ಈಜು ಬಾರದಿರುವುದರಲ್ಲಿ ಆಶ್ಚರ್ಯವೇನಿಲ್ಲ.

ಇದಕ್ಕಾಗಿ ಅಧ್ಯಾಪಕರನ್ನು ದೂರುವುದು ನ್ಯಾಯವಾಗದು. ಎಸ್.ಎಸ್.ಎಲ್.ಸಿ. ಪ್ರಥಮಭಾಷೆಯ ಪ್ರಶ್ನಪತ್ರಿಕೆಯಲ್ಲಿ ಪದ್ಯಭಾಗಕ್ಕೆ ಸಂಬಂಧಿಸಿದ ಪ್ರಶ್ನೆಗಳು ಕಂಠಪಾಠ, ಸಂದರ್ಭಸಹಿತ ಸ್ವಾರಸ್ಯ, ಕವಿಪರಿಚಯ, ಸಾರಾಂಶ ಅಥವಾ ಮೌಲ್ಯನಿರೂಪಣೆ ಎಂಬ ಮಾದರಿಗಳಲ್ಲಿ ಸ್ಥಿರಗೊಂಡಿವೆ. ಇವೆಲ್ಲವೂ ತರಗತಿಯಲ್ಲಿ ಪಾಠವಾದ ಪದ್ಯಗಳನ್ನೇ ಕುರಿತವು. ಫಲಿತಾಂಶದ ಶೇಕಡಾವಾರು ಪ್ರಮಾಣವೇ ಶಾಲೆಯ ಯೋಗ್ಯತೆಯ ಅಳತೆಗೋಲಾಗಿರುವಾಗ, ಪ್ರಶ್ನೆ ಕೇಳದ ಸಾಮರ್ಥ್ಯಕ್ಕಾಗಿ ಅವಧಿಗಳನ್ನು ವ್ಯಯಿಸಲು ಅಧ್ಯಾಪಕರು ಹಿಂಜರಿಯುವುದು ಸಹಜ.

4. ಧ್ವನಿವ್ಯತ್ಯಾಸಗಳ ಸ್ವತಃ ಶೋಧನೆ

ಹಳಗನ್ನಡ ಓದಿನ ಶಕ್ತಿಯನ್ನು ಉದ್ದೇಶವಾಗಿ ಇಟ್ಟುಕೊಂಡರೆ ಪಾಠ ಎಲ್ಲಿಂದ ಆರಂಭವಾಗಬೇಕು? ಪದಕೋಶದಿಂದ ಎಂದು ತಕ್ಷಣ ತೋರಬಹುದು. ಆದರೆ ಮಕ್ಕಳಿಗೆ ಅಪರಿಚಿತವೆಂದು ಕಾಣುವ ಹಳಗನ್ನಡದ ಪದಗಳಲ್ಲಿ ಬಹುಪಾಲು ನಿಜಕ್ಕೂ ಪರಿಚಿತ ಪದಗಳೇ. ವೇಷ ಮಾತ್ರ ಬೇರೆ. ಪಾಲ್, ಪೂ, ಪುಲಿ, ಪಳ್ಳಿ, ಪೋಗು, ಪೆಸರ್ ಎಂಬ ಪದಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಅರ್ಥ ಹೇಳದೆ ಬಿಟ್ಟರೆ, ಎರಡು ಮೂರು ನಿಮಿಷಗಳಲ್ಲಿ ತರಗತಿಯ ಯಾವುದೋ ಮೂಲೆಯಿಂದ 'ಹಾಲು' ಎಂಬ ಉತ್ತರ ಬರುತ್ತದೆ. ಆಮೇಲೆ ಉಳಿದವು ತಾವಾಗಿ ಬಿಚ್ಚಿಕೊಳ್ಳುತ್ತವೆ. ಪದಾದಿಯ ಪಕಾರ ಹಕಾರವಾಗಿದೆ, ವ್ಯಂಜನಾಂತ ಪದಕ್ಕೆ ಉಕಾರ ಸೇರಿದೆ ಎಂಬ ಎರಡು ನಿಯಮಗಳನ್ನು ವಿದ್ಯಾರ್ಥಿಗಳೇ ಹೇಳಬಲ್ಲರು. ಅಧ್ಯಾಪಕರು ಹೇಳಿಕೊಟ್ಟ ಅರ್ಥ ಆ ಆರು ಪದಗಳಿಗೆ ಮಾತ್ರ ಸಲ್ಲುತ್ತದೆ. ತಾವೇ ಕಂಡುಕೊಂಡ ನಿಯಮ ನೂರಾರು ಪದಗಳಿಗೆ ಸಲ್ಲುತ್ತದೆ.

ಇಲ್ಲಿಗೆ ನಿಲ್ಲದೆ ಅಪವಾದಗಳನ್ನೂ ಮಕ್ಕಳ ಮುಂದಿಡಬೇಕು. ಅಪ್ಪ, ಉಪ್ಪು, ತಪ್ಪು ಎಂಬಲ್ಲಿ ಪಕಾರ ಏಕೆ ಉಳಿಯಿತು? ಪದ, ಪತ್ರ, ಪುಣ್ಯ ಎಂಬಲ್ಲಿ ಏಕೆ ಬದಲಾಗಲಿಲ್ಲ? ಮೊದಲನೆಯದರಲ್ಲಿ ಪಕಾರ ಪದಾದಿಯಲ್ಲಿಲ್ಲ, ದ್ವಿತ್ವವಾಗಿಯೂ ಇದೆ. ಎರಡನೆಯವು ಸಂಸ್ಕೃತದಿಂದ ಬಂದು ತತ್ಸಮವಾಗಿಯೇ ಉಳಿದವು. ಹಾಗಾದರೆ ಸಂಸ್ಕೃತದ 'ಪರ್ವ' ಮತ್ತು 'ಪಕ್ಷಿ'ಗಳಿಂದ ಬಂದ 'ಹಬ್ಬ', 'ಹಕ್ಕಿ'ಗಳಲ್ಲಿ ಹಕಾರ ಹೇಗೆ ಬಂತು? ಪರ್ವ, ಪಬ್ಬ, ಹಬ್ಬ ಎಂಬ ಸರಣಿಯನ್ನು ಕಂಡಾಗ, ಈ ಪದಗಳು ಮೊದಲೇ ತದ್ಭವಗಳಾಗಿ ಕನ್ನಡದ ಮೈಗೆ ಒಗ್ಗಿಹೋಗಿದ್ದುದರಿಂದ ಕನ್ನಡ ಪದಗಳೊಡನೆ ತಾವೂ ಬದಲಾದವೆಂಬುದು ಹೊಳೆಯುತ್ತದೆ. ಪರೀಕ್ಷೆಗಾಗಿ ಪಟ್ಟಿಯಾಗಿ ಉರುಹೊಡೆಯುವ ತತ್ಸಮ ತದ್ಭವಗಳ ಪಾಠಕ್ಕೆ ಇಲ್ಲಿ ಜೀವ ಬರುತ್ತದೆ.

ಮನೆಮಾತು ಬೇರೆಯಾಗಿರುವ ಮಕ್ಕಳು ಈ ಹಂತದಲ್ಲಿ ತರಗತಿಗೆ ವಿಶೇಷ ನೆರವು ನೀಡಬಲ್ಲರು. ಕೋಲಾರದ ತೆಲುಗು ಮನೆಮಾತಿನ ವಿದ್ಯಾರ್ಥಿಗೆ 'ಪಾಲು', 'ಪುಲಿ'ಗಳೂ, ಮಂಗಳೂರಿನ ತುಳು ಮನೆಮಾತಿನ ವಿದ್ಯಾರ್ಥಿನಿಗೆ 'ಪೂ', 'ಪಿಲಿ'ಗಳೂ, ಗಡಿಭಾಗದ ತಮಿಳು ಮನೆಮಾತಿನವರಿಗೆ 'ಪಾಲ್', 'ಪುಲಿ'ಗಳೂ ದಿನಬಳಕೆಯ ಮಾತುಗಳು. ಕನ್ನಡ ತರಗತಿಯಲ್ಲಿ 'ಕನ್ನಡ ಸರಿಯಾಗಿ ಬಾರದವರು' ಎಂದು ಹಿಂದಿನ ಬೆಂಚಿನಲ್ಲಿ ಉಳಿದ ಮಕ್ಕಳು ಪಂಪನ ಕನ್ನಡಕ್ಕೆ ಬಂದಾಗ ಉಳಿದವರಿಗಿಂತ ಒಂದು ಹೆಜ್ಜೆ ಮುಂದಿರುತ್ತಾರೆ. ಮರಾಠಿ, ಉರ್ದು ಮನೆಮಾತಿನ ಮಕ್ಕಳಿಗೆ ಈ ಅನುಕೂಲವಿಲ್ಲ. ಅವರನ್ನು ಇತರರೊಡನೆ ಗುಂಪುಗಳಲ್ಲಿ ಸೇರಿಸಿ ಶೋಧನೆಯಲ್ಲಿ ಪಾಲ್ಗೊಳಿಸುವ ಹೊಣೆ ಅಧ್ಯಾಪಕರದು.

ಕನ್ನಡದ ಉಪಭಾಷೆಗಳ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಹಳೆಯ ಮೈಸೂರು ಭಾಗದ ಗ್ರಾಮೀಣ ಆಡುಮಾತಿನಲ್ಲಿ ಪದಾದಿಯ ಹಕಾರ ಲೋಪವಾಗಿ 'ಹಾಲು' ಎಂಬುದು 'ಆಲು' ಆಗುತ್ತದೆ. ಶಾಲೆಯಲ್ಲಿ ಇದನ್ನು ಅಶುದ್ಧವೆಂದು ತಿದ್ದುವುದಷ್ಟೇ ರೂಢಿ. ತಿದ್ದಿಸಿಕೊಂಡ ಭಯದಿಂದ ಮಗು ಹಕಾರವಿಲ್ಲದೆಡೆಯಲ್ಲೂ ಹಕಾರ ಸೇರಿಸುವುದುಂಟು. ಪಾಲ್, ಹಾಲು, ಆಲು ಎಂಬ ಮೂರು ರೂಪಗಳನ್ನು ಒಂದೇ ಸಾಲಿನಲ್ಲಿ ಬರೆದು ತೋರಿಸಿದಾಗ, ತನ್ನ ಮನೆಯ ಉಚ್ಚಾರಣೆ ಒಂದು ನಿಯಮಬದ್ಧ ಬದಲಾವಣೆಯ ಮುಂದಿನ ಹೆಜ್ಜೆಯೆಂಬ ಅರಿವು ಮಗುವಿಗಾಗುತ್ತದೆ. ಬರವಣಿಗೆಗೆ ಒಪ್ಪಿತ ರೂಪ ಯಾವುದೆಂಬುದನ್ನು ಆಗ ಹೇಳಿದರೆ ಅದು ಅವಮಾನವಾಗಿ ತಟ್ಟುವುದಿಲ್ಲ. ಆದರೆ ಒಂದು ಎಚ್ಚರ ಅಗತ್ಯ. ಇಂದಿನ ಎಲ್ಲ ಉಪಭಾಷೆಗಳೂ ಗ್ರಾಂಥಿಕ ಹಳಗನ್ನಡದಿಂದ ನೇರ ರೇಖೆಯಲ್ಲಿ ಇಳಿದು ಬಂದವೆಂಬ ಸರಳ ಕಲ್ಪನೆಯನ್ನು ಡಿ.ಎನ್. ಶಂಕರ ಭಟ್ಟರು 'ಕನ್ನಡ ಭಾಷೆಯ ಕಲ್ಪಿತ ಚರಿತ್ರೆ'ಯಲ್ಲಿ ಪ್ರಶ್ನಿಸಿದ್ದಾರೆ. ಆದುದರಿಂದ ತರಗತಿಯಲ್ಲಿ ಇವನ್ನು ಧ್ವನಿಗಳ ನಡುವಿನ ಸಂವಾದವೆಂದು ತೋರಿಸಿದರೆ ಸಾಕು.

ಇದೇ ಕ್ರಮದಲ್ಲಿ ರೇಫದ ಸಮರೂಪತೆಯನ್ನು (ಎರ್ದೆ–ಎದೆ, ಮರ್ದು–ಮದ್ದು, ಪೆರ್ಚು–ಹೆಚ್ಚು, ಪುರ್ಬು–ಹುಬ್ಬು), ಪ್ರತ್ಯಯಗಳ ಸಂವಾದವನ್ನು (ಅರಸಂ–ಅರಸನು, ಅರಸನಂ–ಅರಸನನ್ನು, ಅರಸನಿಂ–ಅರಸನಿಂದ, ಅರಸನೊಳ್–ಅರಸನಲ್ಲಿ) ಮಕ್ಕಳಿಂದಲೇ ಹೇಳಿಸಬಹುದು. 'ಪುಲಿಯಂ ಕಂಡು ಪಸು ಪಳ್ಳಿಗೆ ಪೋದುದು' ಎಂಬಂಥ ಅಭ್ಯಾಸವಾಕ್ಯಗಳನ್ನು ಅಧ್ಯಾಪಕರೇ ರಚಿಸಿಕೊಂಡರೆ, ಮೊದಲ ಅವಧಿಯಲ್ಲಿಯೇ ವಿದ್ಯಾರ್ಥಿ ಹಳಗನ್ನಡದ ಒಂದು ಇಡೀ ವಾಕ್ಯವನ್ನು ಯಾರ ನೆರವೂ ಇಲ್ಲದೆ ಓದಿದ ಸಂತೋಷವನ್ನು ಪಡೆಯುತ್ತಾನೆ. ಈ ಸಂತೋಷ ಮುಂದಿನ ಕಲಿಕೆಗೆ ಬಂಡವಾಳ.

ೞ ಮತ್ತು ಱ ಅಕ್ಷರಗಳ ಪ್ರಶ್ನೆಯನ್ನೂ ಇಲ್ಲಿ ಗಮನಿಸಬೇಕು. ಸರಳೀಕರಣದ ದೃಷ್ಟಿಯಿಂದ ಇವುಗಳ ಬದಲು ಳ ಮತ್ತು ರಗಳನ್ನು ಮುದ್ರಿಸುವ ರೂಢಿಯಿದೆ. ಆದರೆ 'ಅಱಿ' ಎಂದರೆ ತಿಳಿ, 'ಅರಿ' ಎಂದರೆ ಕತ್ತರಿಸು ಎಂಬ ಭೇದ ಅಳಿಸಿಹೋದಾಗ ಓದು ಸುಲಭವಾಗುವ ಬದಲು ಕ್ಲಿಷ್ಟವಾಗುತ್ತದೆ. 'ಕೞ್ತೆ' ಎಂಬುದು 'ಕತ್ತೆ'ಯಾದ ಬಗೆಯೂ ಕಾಣದಾಗುತ್ತದೆ. 13ನೆಯ ಶತಮಾನದ ಕೇಶಿರಾಜನು ರಳ, ಕುಳ, ಕ್ಷಳಗಳ ಭೇದವನ್ನು ವಿವರಿಸಿ ೞಕಾರವುಳ್ಳ ಪದಗಳನ್ನು ಪಟ್ಟಿಮಾಡಿದ್ದಾನೆ. ತನ್ನ ಕಾಲಕ್ಕೆ ಮಸುಕಾಗುತ್ತಿದ್ದ ಭೇದವೊಂದನ್ನು ಕಲಿಯುವವರಿಗಾಗಿ ಹಿಡಿದಿಟ್ಟ ಅಧ್ಯಾಪಕನನ್ನು 'ಶಬ್ದಮಣಿದರ್ಪಣ'ದಲ್ಲಿ ಕಾಣಬಹುದು.

5. ಪದಚ್ಛೇದ ಮತ್ತು ಅನ್ವಯ

ವ್ಯಾಖ್ಯಾನಕ್ಕೆ ಪದಚ್ಛೇದ, ಪದಾರ್ಥೋಕ್ತಿ, ವಿಗ್ರಹ, ವಾಕ್ಯಯೋಜನೆ, ಆಕ್ಷೇಪಸಮಾಧಾನ ಎಂಬ ಐದು ಲಕ್ಷಣಗಳನ್ನು ಭಾರತೀಯ ಪರಂಪರೆ ಹೇಳುತ್ತದೆ. ಇವು ವ್ಯಾಖ್ಯಾನಕಾರನ ಕೆಲಸಗಳೆಂದು ಭಾವಿಸಲಾಗಿದೆ. ಇವನ್ನೇ ಓದುಗನ ಕೆಲಸಗಳೆಂದು, ಆದುದರಿಂದ ವಿದ್ಯಾರ್ಥಿಯ ಕೆಲಸಗಳೆಂದು ಭಾವಿಸಿದರೆ ಪದ್ಯಪಾಠಕ್ಕೆ ಬೇಕಾದ ಉದ್ದೇಶಗಳ ಪಟ್ಟಿ ಸಿದ್ಧವಾದಂತೆಯೇ. ವಿದ್ಯಾರ್ಥಿಯು ಪದ್ಯವನ್ನು ಪದಗಳಾಗಿ ಬಿಡಿಸುತ್ತಾನೆ, ಪದಗಳ ಅರ್ಥ ಹೇಳುತ್ತಾನೆ, ಸಮಾಸವನ್ನು ವಿಗ್ರಹಿಸುತ್ತಾನೆ, ವಾಕ್ಯವನ್ನು ಜೋಡಿಸುತ್ತಾನೆ, ಸಂದೇಹಗಳನ್ನೆತ್ತಿ ಪರಿಹರಿಸಿಕೊಳ್ಳುತ್ತಾನೆ. ಆಧುನಿಕ ಶಿಕ್ಷಣಶಾಸ್ತ್ರದ ಅರ್ಥೈಸುವ, ಅನ್ವಯಿಸುವ, ವಿಶ್ಲೇಷಿಸುವ ಹಂತಗಳು ಇಲ್ಲಿ ನಮ್ಮದೇ ಪರಿಭಾಷೆಯಲ್ಲಿ ದೊರೆಯುತ್ತವೆ.

ಪದಚ್ಛೇದದ ತೊಡಕು ಸಂಧಿಯಲ್ಲಿದೆ. 'ಊರೊಳಿರ್ದನರಸಂ' ಎಂಬ ಸರಳ ವಾಕ್ಯವನ್ನು ಕೊಟ್ಟರೆ ವಿದ್ಯಾರ್ಥಿಯು 'ಇರ್ದನ ರಸಂ' ಎಂದು ಬಿಡಿಸುವ ಸಾಧ್ಯತೆ ಹೆಚ್ಚು. ಈ ತಪ್ಪನ್ನು ನಗೆಯಾಡದೆ ಬಳಸಿಕೊಳ್ಳಬೇಕು. 'ಯಾರ ರಸ? ವಾಕ್ಯಕ್ಕೆ ಕ್ರಿಯಾಪದ ಎಲ್ಲಿದೆ?' ಎಂದು ಕೇಳಿದರೆ ಅರ್ಥ ಕೂಡದಿರುವುದನ್ನು ವಿದ್ಯಾರ್ಥಿಯೇ ಕಂಡು, 'ಊರೊಳ್, ಇರ್ದಂ, ಅರಸಂ' ಎಂಬ ಬಿಡಿಸುವಿಕೆಗೆ ಬರುತ್ತಾನೆ. ಬಿಂದು ಸ್ವರದ ಮುಂದೆ ನಕಾರವಾಗಿರುವುದನ್ನೂ ಗುರುತಿಸುತ್ತಾನೆ. ಲೋಪ, ಆಗಮ, ಆದೇಶಗಳೆಂಬ ಹೆಸರುಗಳು ಆ ಮೇಲೆ ಬಂದರೆ ಅವು ಹೊರೆಯಾಗುವುದಿಲ್ಲ. ವ್ಯಾಕರಣದ ಅವಧಿ ಬೇರೆ, ಪದ್ಯದ ಅವಧಿ ಬೇರೆ ಎಂಬ ವಿಭಜನೆ ಎರಡನ್ನೂ ಬಡವಾಗಿಸಿದೆ. ಸಂಧಿಯ ಅಗತ್ಯ ಬೀಳುವ ಜಾಗ ಪದ್ಯ. ಅಲ್ಲಿಯೇ ಅದನ್ನು ಕಲಿಸುವುದು ಉಚಿತ.

ಅನ್ವಯದಲ್ಲಿ ಕ್ರಿಯಾಪದದಿಂದ ಆರಂಭಿಸುವ ರೂಢಿ ಫಲಕಾರಿ. ಕ್ರಿಯಾಪದದ ಪ್ರತ್ಯಯವೇ ಕರ್ತೃವಿನ ಸುಳಿವು ಕೊಡುತ್ತದೆ: ಬಂದೆಂ ಎಂದರೆ ಮಾತನಾಡುವವನು, ಬಂದಯ್ ಎಂದರೆ ಎದುರಿಗಿರುವವನು, ಬಂದಂ, ಬಂದಳ್, ಬಂದರ್, ಬಂದುದು ಎಂದರೆ ಅನ್ಯರು. ಚಂಪೂಕಾವ್ಯದ ಸಂವಾದಗಳಲ್ಲಿ ಯಾರ ಮಾತು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯಿತೆಂದು ತಿಳಿಯದೆ ವಿದ್ಯಾರ್ಥಿ ಕಂಗೆಡುತ್ತಾನೆ. 'ಮಾೞ್ಪೆಂ' ಎಂಬಲ್ಲಿನ 'ಎಂ' ಪ್ರತ್ಯಯವೊಂದನ್ನು ಗುರುತಿಸಲು ಕಲಿತರೆ ಮಾತನಾಡುತ್ತಿರುವವರು ಯಾರೆಂಬುದು ಬಹುಮಟ್ಟಿಗೆ ಬಗೆಹರಿಯುತ್ತದೆ. 'ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ' ಎಂಬ ಪ್ರಶ್ನೆಗೆ ಉತ್ತರಿಸಲು ಕಂಠಪಾಠದ ಬದಲು ಭಾಷೆಯ ಸಾಕ್ಷ್ಯವೇ ಆಗ ನೆರವಿಗೆ ಬರುತ್ತದೆ.

6. ಕಿವಿಗೆ ಮರಳಬೇಕಾದ ಛಂದಸ್ಸು

ಪ್ರೌಢಶಾಲೆಯಲ್ಲಿ ಛಂದಸ್ಸು ಕಣ್ಣಿನ ವಿದ್ಯೆಯಾಗಿಬಿಟ್ಟಿದೆ. ಅಕ್ಷರಗಳ ಮೇಲೆ ಲಘು ಗುರುಗಳ ಗುರುತು ಹಾಕಿ, ಗಣ ವಿಭಾಗಿಸಿ, ಛಂದಸ್ಸಿನ ಹೆಸರು ಬರೆದರೆ ಅಂಕಗಳು ಖಚಿತ. ಪ್ರಸ್ತಾರ ಹಾಕಬಲ್ಲ ವಿದ್ಯಾರ್ಥಿ ಅದೇ ಪದ್ಯವನ್ನು ಲಯಬದ್ಧವಾಗಿ ಓದಲಾರನೆಂಬುದು ವಿಪರ್ಯಾಸ. ಭಾಮಿನಿ ಷಟ್ಪದಿಯ 1, 2, 4, 5ನೆಯ ಪಾದಗಳಲ್ಲಿ ಮೂರು ನಾಲ್ಕು ಮಾತ್ರೆಗಳ ಗಣಗಳು ಎರಡು ಬಾರಿ ಬಂದು 14 ಮಾತ್ರೆಗಳೂ, 3 ಮತ್ತು 6ನೆಯ ಪಾದಗಳಲ್ಲಿ ಅವೇ ಮೂರು ಬಾರಿ ಬಂದು ಮೇಲೊಂದು ಗುರು ಸೇರಿ 23 ಮಾತ್ರೆಗಳೂ ಆಗುತ್ತವೆ. ಒಟ್ಟು 102 ಮಾತ್ರೆಗಳು. ವಾರ್ಧಕದಲ್ಲಿ ಐದು ಮಾತ್ರೆಯ ಗಣಗಳು ಇದೇ ಕಟ್ಟಿನಲ್ಲಿ 20 ಮತ್ತು 32 ಮಾತ್ರೆಗಳ ಪಾದಗಳಾಗಿ ಒಟ್ಟು 144ಕ್ಕೆ ಏರುತ್ತವೆ. ಈ ಅಂಕಿಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ, ಮೂರು–ನಾಲ್ಕರ ನಡೆಯನ್ನೂ ಐದೈದರ ನಡೆಯನ್ನೂ ಕೈತಾಳ ಹಾಕಿ ಕೇಳಿಸಿ ವ್ಯತ್ಯಾಸವನ್ನು ಗುರುತಿಸಲು ಹೇಳುವುದು ಮೊದಲ ಹೆಜ್ಜೆಯಾಗಬೇಕು. ಕಿವಿ ಗುರುತಿಸಿದುದನ್ನು ಪ್ರಸ್ತಾರ ದೃಢಪಡಿಸಬೇಕು.

ಕುಮಾರವ್ಯಾಸನ ಕಾವ್ಯ ಶತಮಾನಗಳ ಕಾಲ ಅಕ್ಷರ ಬಾರದ ಜನರನ್ನೂ ತಲುಪಿದ್ದು ಗಮಕ ವಾಚನದ ಮೂಲಕ. ಊರಿನಲ್ಲಿ ಗಮಕಿಗಳಿದ್ದರೆ ಅವರನ್ನು ಶಾಲೆಗೆ ಕರೆಸಬಹುದು. ಇಲ್ಲವಾದರೆ ಧ್ವನಿಮುದ್ರಣಗಳು ಸುಲಭವಾಗಿ ದೊರೆಯುತ್ತವೆ. ವಾಚನವನ್ನು ಕೇಳುವಾಗ ಪದಗಳ ನಡುವಣ ಬಿಡುವು, ಅರ್ಥಕ್ಕೆ ತಕ್ಕ ಒತ್ತು ಕಿವಿಗೆ ಬೀಳುತ್ತವೆ. ಪದಚ್ಛೇದದ ಅರ್ಧ ಕೆಲಸ ಅಲ್ಲಿಯೇ ಆಗುತ್ತದೆ. ಹಾಗೆಯೇ ದ್ವಿತೀಯಾಕ್ಷರ ಪ್ರಾಸವನ್ನು ಗುರುತಿಸಲು ಕಲಿತ ವಿದ್ಯಾರ್ಥಿಗೆ ಪಾದ ಎಲ್ಲಿ ಆರಂಭವಾಯಿತೆಂಬುದರ ಸುಳಿವು ತಾನಾಗಿ ದೊರೆಯುತ್ತದೆ.

7. 'ಮೌಲ್ಯ'ದ ಪ್ರಶ್ನೆ

ಪದ್ಯದಿಂದ ಒಂದು ನೀತಿಯನ್ನು ಹೊರತೆಗೆದು ಬರೆಯುವ ಅಭ್ಯಾಸ ಇನ್ನೊಂದು ತೊಡಕು. ಗುರುಹಿರಿಯರ ಮಾತನ್ನು ಕೇಳಬೇಕು, ಅಹಂಕಾರ ಸಲ್ಲದು, ಸ್ನೇಹವನ್ನು ಮರೆಯಬಾರದು ಎಂಬ ಸಿದ್ಧ ವಾಕ್ಯಗಳು ಯಾವ ಪದ್ಯಕ್ಕಾದರೂ ಹೊಂದುತ್ತವೆ. ರನ್ನನ ದುರ್ಯೋಧನನನ್ನು ಈ ವಾಕ್ಯಗಳಿಂದ ಅಳೆಯಲಾಗದು. ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತ ದ್ರೋಣನಿಗಾಗಿ, ದುಶ್ಶಾಸನನಿಗಾಗಿ, ಕರ್ಣನಿಗಾಗಿ ಮರುಗುವ, ಶತ್ರುಪಕ್ಷದ ಅಭಿಮನ್ಯುವಿನ ಶೌರ್ಯವನ್ನೂ ಮೆಚ್ಚುವ, ಆದರೂ ಸಂಧಿಯನ್ನು ಒಲ್ಲದ ಆ ಪಾತ್ರವನ್ನು ಕವಿ ಖಂಡಿಸುತ್ತಿದ್ದಾನೆಯೇ, ಗೌರವಿಸುತ್ತಿದ್ದಾನೆಯೇ ಎಂಬ ಪ್ರಶ್ನೆಯೇ ಕಾವ್ಯದ ಜೀವಾಳ. ಪಂಪನಲ್ಲಿ ಅಧಿಕಾರಕ್ಕೇರಿದ ದ್ರುಪದ ಬಡವನಾದ ಬಾಲ್ಯಸಖ ದ್ರೋಣನನ್ನು ಗುರುತಿಸದೆ ಹೋಗುವ ಪ್ರಸಂಗವೂ ಅಂಥದೇ. ದ್ರೋಣನ ಪ್ರತಿಜ್ಞೆ ನ್ಯಾಯವೇ, ಅದರ ಬೆಲೆ ತೆತ್ತವರು ಯಾರು ಎಂದು ಕೇಳಿದರೆ ಹದಿನೈದು ವರ್ಷದ ಮಕ್ಕಳು ತಮ್ಮ ಅನುಭವದಿಂದಲೇ ಮಾತನಾಡುತ್ತಾರೆ.

ಇಲ್ಲಿ ಚರ್ಚೆಗೆ ಒಂದು ಶಿಸ್ತು ಬೇಕು. ಪ್ರತಿ ಅಭಿಪ್ರಾಯಕ್ಕೂ ಪದ್ಯದ ಯಾವ ಪದ ಆಧಾರವೆಂದು ತೋರಿಸಬೇಕು. ಪದವನ್ನು ಬಿಡಿಸಿ ಅನ್ವಯಿಸಿದ ವಿದ್ಯಾರ್ಥಿ ಮಾತ್ರ ಇದನ್ನು ಮಾಡಬಲ್ಲ. ಭಾಷಾಸಾಮರ್ಥ್ಯ ಮತ್ತು ರಸಗ್ರಹಣ ಬೇರೆ ಬೇರೆ ಉದ್ದೇಶಗಳೆಂದು ಪಾಠಟಿಪ್ಪಣಿ ವಿಂಗಡಿಸುತ್ತದೆಯಾದರೂ ತರಗತಿಯಲ್ಲಿ ಒಂದು ಇನ್ನೊಂದರ ಮೆಟ್ಟಿಲು.

8. ಮೌಲ್ಯಮಾಪನದ ಸುಧಾರಣೆ

ಉದ್ದೇಶ ಬದಲಾಗಿದೆಯೆಂಬುದಕ್ಕೆ ಪ್ರಶ್ನಪತ್ರಿಕೆಯೇ ಸಾಕ್ಷಿ. ಪಾಠವಾಗದ ಪದ್ಯವೊಂದರ ಎರಡು ಮೂರು ಸಾಲುಗಳನ್ನು ಕೊಟ್ಟು, ನಿಜವಾಗಿ ಅಪರಿಚಿತವಾದ ನಾಲ್ಕೈದು ಪದಗಳಿಗೆ ಕೆಳಗೆ ಅರ್ಥ ಒದಗಿಸಿ, ಹೀಗೆ ಕೇಳಬಹುದು: ಕ್ರಿಯಾಪದ ಯಾವುದು, ಅದರ ಕರ್ತೃ ಯಾರು, ಗೆರೆ ಎಳೆದ ಭಾಗವನ್ನು ಬಿಡಿಸಿ ಬರೆಯಿರಿ, ಈ ಮೂರು ಪದಗಳ ಹೊಸಗನ್ನಡ ರೂಪಗಳನ್ನು ಕೊಡಿ, ಸಾಲುಗಳನ್ನು ಗದ್ಯಕ್ರಮದಲ್ಲಿ ಬರೆಯಿರಿ. ಇವುಗಳಲ್ಲಿ ಮೊದಲಿನವು ಸುಲಭ, ಕೊನೆಯದು ಕಠಿಣ. ಪೂರ್ಣ ಉತ್ತರ ಬಾರದವರಿಗೂ ಭಾಗಶಃ ಅಂಕ ದೊರೆಯುತ್ತದೆ. ಇಂಥ ಪ್ರಶ್ನೆಗೆ ಮಾರ್ಗದರ್ಶಿ ಪುಸ್ತಕಗಳಲ್ಲಿ ಸಿದ್ಧ ಉತ್ತರವಿರಲಾರದು. ಪ್ರಶ್ನಪತ್ರಿಕೆಯಲ್ಲಿ ಪಾಠೇತರ ಭಾಗದ ಗ್ರಹಿಕೆಯ ಪ್ರಶ್ನೆ ಈಗಾಗಲೇ ಪರಿಚಿತವಾಗಿರುವುದರಿಂದ ಇದು ತೀರ ಹೊಸದೂ ಅಲ್ಲ.

ವಾರ್ಷಿಕ ಪರೀಕ್ಷೆ ಬದಲಾಗುವವರೆಗೆ ಕಾಯಬೇಕಾಗಿಲ್ಲ. 125 ಅಂಕಗಳ ಪ್ರಥಮಭಾಷೆಯಲ್ಲಿ 25 ಅಂಕಗಳನ್ನು ಆಂತರಿಕ ಮೌಲ್ಯಮಾಪನಕ್ಕೆ ಮೀಸಲಿಟ್ಟಿರುವ ವ್ಯವಸ್ಥೆಯಲ್ಲಿ ರೂಪಣಾತ್ಮಕ ಚಟುವಟಿಕೆಗಳನ್ನು ಅಧ್ಯಾಪಕರೇ ಆಯ್ದುಕೊಳ್ಳಬಹುದು. ಕವಿಯ ಚಿತ್ರ ಅಂಟಿಸಿ ಪರಿಚಯ ಬರೆದು ತರುವ ಯೋಜನಾಕಾರ್ಯದ ಬದಲು, ಲಯಬದ್ಧ ವಾಚನ, ಪದಸಂವಾದಗಳ ಕೋಷ್ಟಕ, ಮನೆಯ ಹಿರಿಯರ ಮಾತಿನಲ್ಲಿ ಉಳಿದಿರುವ ಹಳೆಯ ಪದಗಳ ಸಂಗ್ರಹ ಮುಂತಾದವನ್ನು ನೀಡಬಹುದು. ಕರ್ನಾಟಕದ ಹಲವು ಊರುಗಳಲ್ಲಿ ವೀರಗಲ್ಲು, ದಾನಶಾಸನಗಳಿವೆ. ಬಿ.ಎಲ್. ರೈಸ್ ಅವರು ಆರಂಭಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಶಾಸನಪಾಠಗಳು ತಾಲ್ಲೂಕುವಾರು ದೊರೆಯುವುದರಿಂದ, ತಮ್ಮ ಊರಿನ ಕಲ್ಲಿನ ಎರಡು ಸಾಲುಗಳನ್ನು ಓದುವ ಕೆಲಸವನ್ನು ವಿದ್ಯಾರ್ಥಿಗಳಿಗೆ ಒಪ್ಪಿಸುವುದು ಅಸಾಧ್ಯವಲ್ಲ. ದನ ಕಟ್ಟುವ ಕಲ್ಲೆಂದು ಭಾವಿಸಿದ್ದುದು ತನ್ನ ಊರಿನ ಯಾರೋ ಒಬ್ಬನ ಮರಣದ ದಾಖಲೆಯೆಂದು ತಿಳಿದ ಮಗುವಿಗೆ ಹಳಗನ್ನಡ ಪರಕೀಯವಾಗಿ ಉಳಿಯದು.

9. ಎರಡು ಆಕ್ಷೇಪಗಳು

ಈ ಕ್ರಮಕ್ಕೆ ಅವಧಿಗಳು ಸಾಲವೆಂಬುದು ಮೊದಲ ಆಕ್ಷೇಪ. ಪಠ್ಯ ಮುಗಿಸುವ ಒತ್ತಡ ನಿಜವಾದುದು. ಆದರೆ ಧ್ವನಿಸಂವಾದ ಮತ್ತು ಪ್ರತ್ಯಯಗಳ ಪಾಠವನ್ನು ಎಂಟನೆಯ ತರಗತಿಯ ಆರಂಭದಲ್ಲಿ ಒಮ್ಮೆ ನಿಧಾನವಾಗಿ ಮಾಡಿದರೆ, ಮುಂದಿನ ಪ್ರತಿ ಪದ್ಯದಲ್ಲಿಯೂ ಆ ಸಮಯ ಉಳಿತಾಯವಾಗುತ್ತದೆ. ಅಗತ್ಯವೆನಿಸಿದರೆ ಹಳಗನ್ನಡ ಪದ್ಯಗಳ ಸಂಖ್ಯೆಯನ್ನು ಕಡಿಮೆ ಮಾಡಿ, ಉಳಿದವನ್ನು ಆಳವಾಗಿ ಓದಿಸುವುದು ಲೇಸು. ಹತ್ತು ಪದ್ಯಗಳ ಸಾರಾಂಶ ಬಲ್ಲವನಿಗಿಂತ ನಾಲ್ಕು ಪದ್ಯಗಳನ್ನು ತಾನೇ ಓದಿದವನು ಐದನೆಯದಕ್ಕೆ ಹೆಚ್ಚು ಸಿದ್ಧನಾಗಿರುತ್ತಾನೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ಮೊದಲ ತಲೆಮಾರಿನ ಓದುಗರಾಗಿ ಶಾಲೆಗೆ ಬರುವ ಮಕ್ಕಳಿಗೆ ಹಳಗನ್ನಡ ಏಕೆ ಬೇಕು, ಆಧುನಿಕ ಗದ್ಯವನ್ನು ಸ್ಪಷ್ಟವಾಗಿ ಓದಿ ಬರೆಯುವುದನ್ನು ಕಲಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಆಧುನಿಕ ಗದ್ಯದ ಸಾಮರ್ಥ್ಯ ಮೊದಲ ಆದ್ಯತೆಯೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಹಳಗನ್ನಡವನ್ನು ಶಾಲೆಯಿಂದ ಕೈಬಿಟ್ಟರೆ ಅದು ಅಳಿದುಹೋಗದು. ಪುಸ್ತಕವಿರುವ, ಕಲಿಸುವ ಹಿರಿಯರಿರುವ ಕೆಲವೇ ಮನೆಗಳ ಸೊತ್ತಾಗಿ ಉಳಿಯುತ್ತದೆ. ಸಾವಿರ ವರ್ಷಗಳ ಸಾಹಿತ್ಯವನ್ನು ಎಲ್ಲ ಮನೆಗಳ ಮಕ್ಕಳಿಗೂ ತೆರೆದಿಡಬಲ್ಲ ಏಕೈಕ ಸಂಸ್ಥೆ ಸಾರ್ವಜನಿಕ ಶಾಲೆ. ಸಾರಾಂಶದ ಬೋಧನೆ ಆ ಬಾಗಿಲನ್ನು ತೋರಿಸುತ್ತದೆಯೇ ಹೊರತು ತೆರೆಯುವುದಿಲ್ಲ.

10. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಪ್ರೌಢಶಾಲೆಯ ಹಳಗನ್ನಡ ಬೋಧನೆಯ ಕೇಂದ್ರ ಉದ್ದೇಶವು ಅಪರಿಚಿತ ಪದ್ಯವನ್ನು ಮಿತವಾದ ನೆರವಿನಿಂದ ಓದುವ ಸಾಮರ್ಥ್ಯವಾಗಬೇಕು. ಧ್ವನಿಸಂವಾದ, ಪದಚ್ಛೇದ, ಅನ್ವಯ, ವಾಚನ, ಆಧಾರಸಹಿತ ಚರ್ಚೆ ಎಂಬ ಹಂತಗಳಲ್ಲಿ ವಿದ್ಯಾರ್ಥಿಯೇ ಕ್ರಿಯಾಶೀಲನಾಗಬೇಕು. ಮನೆಮಾತು ಮತ್ತು ಉಪಭಾಷೆಗಳು ಸಂಪನ್ಮೂಲಗಳಾಗಬೇಕು. ಆಂತರಿಕ ಮೌಲ್ಯಮಾಪನದಿಂದ ಆರಂಭಿಸಿ ವಾರ್ಷಿಕ ಪರೀಕ್ಷೆಯವರೆಗೆ ಪ್ರಶ್ನೆಗಳ ಸ್ವರೂಪ ಈ ಉದ್ದೇಶಕ್ಕೆ ಅನುಗುಣವಾಗಬೇಕು.

ಈ ಬದಲಾವಣೆಯ ಹೊಣೆ ಪ್ರೌಢಶಾಲೆಯ ಅಧ್ಯಾಪಕರೊಬ್ಬರದೇ ಅಲ್ಲ. ಆ ಅಧ್ಯಾಪಕರು ಹಳಗನ್ನಡವನ್ನು ಕಲಿತದ್ದು ಪದವಿ ಮತ್ತು ಸ್ನಾತಕೋತ್ತರ ತರಗತಿಗಳಲ್ಲಿ. ಅಲ್ಲಿಯೂ ಸಾರಾಂಶವನ್ನೇ ಕೇಳಿ ಬರೆದುಕೊಂಡಿದ್ದರೆ ಶಾಲೆಯಲ್ಲಿ ಅವರು ಬೇರೆ ರೀತಿಯಲ್ಲಿ ಕಲಿಸಲಾರರು. ಸಾಹಿತ್ಯವನ್ನು ಕನ್ನಡ ವಿಭಾಗಗಳೂ ಬೋಧನಾಶಾಸ್ತ್ರವನ್ನು ಶಿಕ್ಷಣ ಮಹಾವಿದ್ಯಾಲಯಗಳೂ ಪ್ರತ್ಯೇಕವಾಗಿ ಹಂಚಿಕೊಂಡಿರುವ ಏರ್ಪಾಡಿನಲ್ಲಿ, ಹಳಗನ್ನಡವನ್ನು ಮಕ್ಕಳಿಗೆ ಹೇಗೆ ಓದಿಸಬೇಕೆಂಬ ಪ್ರಶ್ನೆ ಎರಡರ ನಡುವೆ ಬಿದ್ದುಹೋಗಿದೆ. ಪದವಿ ತರಗತಿಗೆ ಬಂದ ವಿದ್ಯಾರ್ಥಿ ಓದಲಾರನೆಂಬ ದೂರು ಹೀಗೆ ದೂರು ಹೇಳುವವರ ಬಾಗಿಲಿಗೇ ಮರಳುತ್ತದೆ. ಪಠ್ಯಭಾಗಗಳಿಗೆ ಪದಸಂವಾದ ಕೋಷ್ಟಕಗಳನ್ನೂ ಅಪರಿಚಿತ ಪದ್ಯಗಳ ಪ್ರಶ್ನಕೋಶವನ್ನೂ ಸಿದ್ಧಪಡಿಸುವ ಕೆಲಸವನ್ನು ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಸಮೀಪದ ಪ್ರೌಢಶಾಲೆಗಳ ಅಧ್ಯಾಪಕರೊಡನೆ ಸೇರಿ ಕೈಗೊಂಡರೆ, ಅದು ಹಳಗನ್ನಡದ ಅಧ್ಯಯನಕ್ಕೆ ಮುಂದಿನ ಪೀಳಿಗೆಯ ಓದುಗರನ್ನು ಸಿದ್ಧಗೊಳಿಸುವ ಕೆಲಸವೂ ಆಗುತ್ತದೆ.